ಪಡುವಣ ಕಿಟಕಿಯ ಬಿಸಿಲು

ವಿಮಾನ ನಿಲ್ದಾಣದ ಗೋಪುರದಲ್ಲಿ ಕುಳಿತು, ವಿಮಾನಗಳಿಗೆ ಮೇಲೇರಲು, ಇಳಿಯಲು ಅನುಮತಿ ಕೊಡುವುದು ನನ್ನ ಕೆಲಸ. ಪಡುವಣ ಕಿಟಕಿಯ ಪರದೆ ಹರಿದಾಗಿನಿಂದ, ಬಿಸಿಲು ಕಣ್ಣಿಗೆ ಹೊಡೆದ ಸಂಜೆಗಳನ್ನು ಡೈರಿಯಲ್ಲಿ ಗುರುತು ಹಾಕುತ್ತಾ ಬಂದೆ. ಒಟ್ಟು ಇಪ್ಪತ್ಮೂರು. ಸಾಮಾನ್ಯವಾಗಿ ಐದೂ ಹತ್ತರಿಂದ ಐದೂ ಮುಕ್ಕಾಲರವರೆಗೆ. ಮೂರು ಸಲ ಮೇಲಿನವರಿಗೆ ಬರೆದುಕೊಟ್ಟೆ. ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದರು. ಹಾಕಿಕೊಂಡರೆ ಮುಂದಿನ ಕಂಪ್ಯೂಟರಿನ ಅಕ್ಷರಗಳೇ ಕಾಣುತ್ತಿರಲಿಲ್ಲ.

ಇಪ್ಪತ್ನಾಲ್ಕನೆಯ ಸಂಜೆ, ಹುಲ್ಲು ಕತ್ತರಿಸುವ ಟ್ರಾಕ್ಟರ್ ರನ್‌ವೇ ದಾಟಿದೆ ಎಂದುಕೊಂಡು ಒಂದು ವಿಮಾನಕ್ಕೆ ಇಳಿಯಲು ಹೇಳಿದೆ. ಟ್ರಾಕ್ಟರ್ ಇನ್ನೂ ರನ್‌ವೇಯ ಪಶ್ಚಿಮದ ತುದಿಯಲ್ಲೇ ಇತ್ತು. ಸೂರ್ಯನಿಗೆ ಬೆನ್ನು ಮಾಡಿ ಬರುತ್ತಿದ್ದ ಪೈಲಟ್‌ಗೆ ಕಂಡಿತು. ವಿಮಾನವನ್ನು ಮತ್ತೆ ಮೇಲಕ್ಕೆ ಎತ್ತಿಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ.

ವರದಿಯಲ್ಲಿ ಕಾರಣ: ನನ್ನ ಗಮನದ ಕೊರತೆ. ಅದಕ್ಕೆ ಸಹಿ ಹಾಕಿದರೆ ಮಾತ್ರ ಮತ್ತೆ ಗೋಪುರ. ಕಾಗದ ಹಿಡಿದುಕೊಂಡು ಕಿಬ್ಬನಹಳ್ಳಿಯ ಮನೆಗೆ ಬಂದೆ.

ಆರನೆಯ ದಿನ ಅಪ್ಪ ತೆಂಗಿನ ತೋಟದಲ್ಲಿ ಕಾಯಿ ಕೆಡವಿಸುತ್ತಿದ್ದರು. ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ದೋಟಿ ಹಿಡಿದು ಬಂದವನು ನಲವತ್ತೊಂದು ಮರ ಮುಗಿಸಿದ್ದ. ಹೊತ್ತು ಇಳಿದಂತೆ, ಮೂಡಲ ಕಡೆಯ ಗೊನೆಗಳನ್ನು ಹಾಗೇ ಬಿಟ್ಟು ಮುಂದೆ ಹೋಗತೊಡಗಿದ.

"ಈ ಕಡೆ ಗೊನೆ ಬುಟ್ಯಲ್ಲೋ?" ಎಂದರು ಅಪ್ಪ.

"ಈ ಕಡೆ ನಿಂತ್ರೆ ಬಿಸ್ಲು ಕಣ್ಣಿಗೆ ಹೊಡೀತದೆ ಯಜಮಾನ್ರೆ. ಕಾಯಿ ತಲೆ ಮ್ಯಾಲೆ ಬಿದ್ಮೇಲೆ ಕಾಣ್ತದೆ ಅಷ್ಟೆ. ಬೆಳಿಗ್ಗೆ ಬತ್ತೀನಿ."

"ಆಯ್ತು ಬುಡು."

ಅವನು ನನ್ನತ್ತ ತಿರುಗಿದ. "ನೀವು ಇಮಾನ ಇಳಿಸ್ತೀರಂತೆ ಕಣವ್ವ, ನಾನು ಕಾಯಿ ಇಳಿಸ್ತೀನಿ. ನಿಮ್ಗೆ ಬಿಸ್ಲು ಹೊಡುದ್ರೆ ಏನ್ಮಾಡ್ತೀರಾ?"

"ಇಳಿಸ್ತೀವಿ."

"ಕಾಣ್ದೇ ಇಳ್ಸಾಕೂ ಸಂಬ್ಳ ಕೊಡ್ತಾರಾ?" ಎಂದು ನಕ್ಕ. ಅಪ್ಪನೂ ನಕ್ಕರು.

ಮನೆಗೆ ಬಂದು ಅಪ್ಪನಿಗೆ ಕಾಗದ ತೋರಿಸಿದೆ. ಎರಡು ಸಲ ಓದಿದರು.

"ಇದೊಂದು ಮಾತಿಗೆ ಕೆಲ್ಸ ಕಳ್ಕೋತೀಯೇನವ್ವ? ಸಹಿ ಹಾಕು."

"ಅವನು ಕಣ್ಣು ಕಾಣಲ್ಲ ಅಂದ್ರೆ ಆಯ್ತು ಅಂದ್ಯಲ್ಲಪ್ಪ."

"ಅವ್ನು ಮುನಿಸ್ಕೊಂಡು ಹೋದ್ರೆ ಕಾಯಿ ಕೆಡವೋಕೆ ಇನ್ನೊಬ್ಬ ಸಿಕ್ಕಲ್ಲ. ನಿನ್ ಕುರ್ಚಿಗೆ ಎಷ್ಟು ಜನ ಕಾಯ್ತಾವ್ರೆ, ಅದ್ನ ಹೇಳು."

ಅದು ನಿಜವಾಗಿತ್ತು. ಅಪ್ಪನ ಮೇಲೆ ಕೋಪ ಬಂದದ್ದು ಅದಕ್ಕೇ.

ಮರುದಿನ ಸಹಿ ಹಾಕಿ ಅಂಚೆಗೆ ಕೊಟ್ಟೆ. ಒಂಬತ್ತನೆಯ ದಿನ ಕರೆ ಬಂತು; ಸಂಜೆ ಪಾಳಿ, ಅದೇ ಕುರ್ಚಿ. ಬಿಸಿಲಿಗೆ ಆ ಟ್ರಾಕ್ಟರ್ ನನಗೆ ಕಾಣಿಸಿರಲಿಲ್ಲ ಎಂಬುದು ಈಗ ಯಾವ ಕಡತದಲ್ಲೂ ಇಲ್ಲ. ಇನ್ನೊಂದು ಸಂಜೆ ಹಾಗೇ ಆದರೆ, ಅದು ನನ್ನ ಎರಡನೆಯ ತಪ್ಪು.