ಕೈ ನೋಡಿ ಬಾರಿಸು

ಕೊಪ್ಪದಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಂಪ್ಯೂಟರ್ ಮುಂದೆ ಕೂರುತ್ತೇನೆ ಎಂದಷ್ಟೇ ಗೊತ್ತು. ಹಾಗಾಗಿ ಪ್ರಿಂಟರ್ ಕೆಟ್ಟರೂ, ಪಹಣಿ ತೆಗೆಯಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಸಿಡುಕುತ್ತಲೇ ಮಾಡಿಕೊಡುತ್ತೇನೆ. ನನ್ನ ನಿಜವಾದ ಕೆಲಸ ಬೇರೆ: ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಒಂದೇ ಸಮ ಮಿಡಿಯಬೇಕಾದ ಆಸಿಲೇಟರ್ ಎಂಬ ಸಣ್ಣ ಸರ್ಕ್ಯೂಟನ್ನು ನಡುಗದಂತೆ ನೋಡಿಕೊಳ್ಳುವುದು.

ಇದನ್ನು ಅರ್ಥ ಮಾಡಿಕೊಂಡವರು ಒಬ್ಬರೇ, ನನ್ನ ಗಂಡ. ಅವರು ಹೈಸ್ಕೂಲ್ ಮೇಷ್ಟ್ರು, ಬಿಡುವಿನಲ್ಲಿ ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಪದ್ಯ ಮಾತುಗಳಲ್ಲೇ ನಡೆಯುವ ಯಕ್ಷಗಾನದ, ಭಾಗವತರು. ಪದ್ಯ ಹಾಡುತ್ತ ಕೈಯಲ್ಲಿ ತಾಳ ಹಾಕುವವರು ಅವರು, ಪಕ್ಕದಲ್ಲಿ ಕೂತು ಮದ್ದಳೆ ಬಾರಿಸುವವಳು ನಾನು. ಮದುವೆಯಾದ ಹೊಸತರಲ್ಲಿ ನನಗೆ ಕಲಿಸಿದ್ದೂ ಅವರೇ. ಅವರ ಪಾಠ ಒಂದೇ: “ಬಾಯಿ ನೋಡ್ಬೇಡ ಮಾರಾಯ್ತಿ, ಕೈ ನೋಡಿ ಬಾರ್ಸು.”

ನಿನ್ನ ಕೆಲಸ ಎಂತದು ಎಂದು ಅವರು ಒಮ್ಮೆ ಕೇಳಿದಾಗ ಹೇಳಿದ್ದೆ. ಒಂದೇ ತಂತಿಯಲ್ಲಿ ಮಾಹಿತಿ ಬರುತ್ತದೆ, ಅದರ ಜೊತೆ ತಾಳ ಬೇರೆಯಾಗಿ ಬರುವುದಿಲ್ಲ. ಈಚೆ ಕಡೆಯ ಚಿಪ್ಪು ಆ ಮಾಹಿತಿಯ ಏರಿಳಿತದಿಂದಲೇ ತಾಳ ಹಿಡಿಯಬೇಕು, ಒಳಗಿನ ಆಸಿಲೇಟರ್ ಅದಕ್ಕೆ ಹೊಂದಿಕೊಂಡು ನಡೆಯಬೇಕು. ಪೆಟ್ಟು ಒಂಚೂರು ಮುಂಚೆ, ಒಂಚೂರು ತಡವಾಗಿ ಬೀಳುವುದಕ್ಕೆ ಜಿಟ್ಟರ್ ಎನ್ನುತ್ತಾರೆ. ಅದು ಹೆಚ್ಚಾದರೆ ಒಂದನ್ನು ಸೊನ್ನೆ ಎಂದು ಓದಿಬಿಡುತ್ತದೆ. ಅವರು ಗಹಗಹಿಸಿ ನಕ್ಕರು. “ಹಂಗಾದ್ರೆ ಕಂಪನಿಯವ್ರು ನಿಂಗೆ ಸಂಬಳ ಕೊಡೋದು ಮದ್ದಳೆ ಬಾರ್ಸಕ್ಕೆ ಅನ್ನು!”

ಆಮೇಲೆ ಅವರ ಎಡಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಬರಬರುತ್ತ ಮಣಿಕಟ್ಟು. ಶಿವಮೊಗ್ಗದ ಡಾಕ್ಟರು ಮಾತ್ರೆ ಕೊಟ್ಟರು, ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದೂ ಹೇಳಿದರು. ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ತಾಳ ಎಲ್ಲೆಲ್ಲೋ ಬೀಳುತ್ತಿತ್ತು. ನಾನೋ ಕೈ ನೋಡಿ ಬಾರಿಸಲು ಕಲಿತವಳು. ಆ ಕೈ ನಡುಗಿದಂತೆಲ್ಲ ನನ್ನ ಮದ್ದಳೆಯೂ ಮುಗ್ಗರಿಸುತ್ತಿತ್ತು, ಅದನ್ನು ಕೇಳಿ ಅವರ ಹಾಡೂ ತಪ್ಪುತ್ತಿತ್ತು. ಒಂದು ಸಂಜೆ ಅವರು ತಾಳವನ್ನು ಚಾಪೆಯ ಮೇಲೆ ಎಸೆದು, “ಸಾಕು. ಜನರ ಎದ್ರು ಮರ್ಯಾದೆ ಕಳ್ಕೊಳೋದು ಬೇಡ” ಅಂದರು. ನೆಮ್ಮಾರಿನಲ್ಲಿ ಪರಿಚಯದವರೊಬ್ಬರ ಮನೆಯ ತಾಳಮದ್ದಳೆಗೆ ಆಗಲೇ ಒಪ್ಪಿಕೊಂಡಾಗಿತ್ತು. ಅದೊಂದನ್ನಾದರೂ ಚೆನ್ನಾಗಿ ಹಾಡಬೇಕು ಎಂಬ ಆಸೆ ಅವರಿಗಿತ್ತು. ಅವರಿಗಿಂತ ಹೆಚ್ಚಾಗಿ ನನಗಿತ್ತು.

ಆ ದಿನಗಳಲ್ಲಿ ಕೆಲಸದಲ್ಲೂ ಇದೇ ಗೋಳು. ನನ್ನ ಸರ್ಕ್ಯೂಟು ಒಳಬರುವ ಪ್ರತಿ ಅಲುಗಾಟದ ಹಿಂದೆಯೂ ಓಡುತ್ತಿತ್ತು. ಓಡಬೇಡ ಎಂದು ತಡೆದರೆ ಆಸಿಲೇಟರಿನ ಸ್ವಂತ ನಡುಕ ಮೇಲೆ ಬರುತ್ತಿತ್ತು. ಹಾಗಾಗಿ ಮೊದಲು ಅದನ್ನೇ ಸಮಾಧಾನ ಮಾಡಿದೆ: ಅಕ್ಕಪಕ್ಕದ ಗದ್ದಲ ತಟ್ಟದಂತೆ ಅದಕ್ಕೇ ಪ್ರತ್ಯೇಕವಾದ ಸಪ್ಲೈ, ಇನ್ನಷ್ಟು ಕರೆಂಟು. ಒಳಗಿನ ನಡಿಗೆ ಗಟ್ಟಿಯಾದ ಮೇಲೆ ಹೊರಗಿನದನ್ನು ನಿಧಾನವಾಗಿ ಹಿಂಬಾಲಿಸಿದರೆ ಸಾಕಾಯಿತು. ಸಣ್ಣ ಅಲುಗಾಟಗಳೆಲ್ಲ ಸೋಸಿಹೋದವು. ಪರದೆಯ ಮೇಲೆ ಗೆರೆಗಳು ಹರಡಿಕೊಳ್ಳದೆ ಒಂದರ ಮೇಲೊಂದು ಕೂತಾಗ ನಾನು ಕುರ್ಚಿಯಲ್ಲೇ ಕುಣಿದೆ.

ನೆಮ್ಮಾರಿಗೂ ಇದನ್ನೇ ಮಾಡಿದರಾಯಿತು ಎಂದುಕೊಂಡೆ. ಅವರಿಗೆ ಹೇಳಲಿಲ್ಲ. ಅವರು ಶಾಲೆಗೆ ಹೋದಾಗ ಒಬ್ಬಳೇ ಬಾರಿಸಿ ಬಾರಿಸಿ ಪದ್ಯಗಳ ನಡೆಯನ್ನು ನನ್ನೊಳಗೆ ಕೂರಿಸಿಕೊಂಡೆ.

ಅಂದು ಮಧ್ಯಾಹ್ನದ ಊಟದ ಮೇಲೆ ಶುರುವಾಯಿತು. ತಾಳದ ಸುತ್ತಿಗೊಮ್ಮೆ ಮಾತ್ರ ಅವರ ಕೈ ನೋಡಿ, ಉಳಿದಂತೆ ನನ್ನ ಲೆಕ್ಕದಲ್ಲೇ ಬಾರಿಸಿದೆ. ಅವರ ಕಂಠ ಮೊದಲಿನದೇ, ಅದಕ್ಕೇನೂ ಆಗಿರಲಿಲ್ಲ. ತಾಳ ಎಡವಿದ್ದನ್ನು ಮದ್ದಳೆ ಮುಚ್ಚಿಹಾಕಿತು. ತಾಯಿ ಮಗನನ್ನು ಯುದ್ಧಕ್ಕೆ ಕಳಿಸುವ ಪದ್ಯ ಮುಗಿದಾಗ, ಎದುರು ಕೂತು ಅರ್ಥ ಹೇಳಬೇಕಾದವರೇ ಕಣ್ಣೊರೆಸಿಕೊಂಡರು. ಕೊನೆಯಲ್ಲಿ ಮನೆಯ ಯಜಮಾನರು ಬಂದು, “ಎಂಥಾ ತಾಳ ಭಾಗವತ್ರೇ! ಒಂದು ಚೂರೂ ಅಲುಗ್ಲಿಲ್ಲ” ಅಂದರು. ನಾನು ಉಬ್ಬಿಹೋದೆ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ನಾನು.

“ಆ ತಾಯಿ ಪದ್ಯದಲ್ಲಿ, ಹೋಗಿ ಬಾ ಅನ್ನೋ ಕಡೆ ನಾ ತಾಳ ತಡೆದಿದ್ದೆ” ಅಂದರು ಅವರು, ಶೃಂಗೇರಿ ದಾಟಿದ ಮೇಲೆ. “ಬೇಕಂತ್ಲೇ ತಡೆದಿದ್ದು. ಹೆತ್ತವಳ ಬಾಯಲ್ಲಿ ಆ ಮಾತು ಅಷ್ಟು ಬೇಗ ಬರ್ಬಾರ್ದು ಅಂತ. ನೀ ನಿಲ್ದೆ ಹೋಗ್ಬಿಟ್ಟೆ.”

“ನಿಮ್ಮ ಕೈ ನಡುಗ್ತು ಅಂದ್ಕೊಂಡೆ.”

“ಅದು ನಡುಕ ಅಲ್ಲ ಮಾರಾಯ್ತಿ. ಅದು ನಾನು.”

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಸೋಸುವ ಸರ್ಕ್ಯೂಟಿಗೆ ಬೇಡದ ಅಲುಗಾಟ ಯಾವುದು, ಬೇಕೆಂದೇ ಮಾಡಿದ ಬದಲಾವಣೆ ಯಾವುದು ಎಂದು ತಿಳಿಯುವುದಿಲ್ಲ. ಚುರುಕಾಗಿ ಬಂದದ್ದನ್ನೆಲ್ಲ ಒಂದೇ ಸಮ ಅಳಿಸಿಹಾಕುತ್ತದೆ. ಇದು ನಮ್ಮ ಕೆಲಸದಲ್ಲಿ ಮೊದಲು ಕಲಿಯುವ ಸಂಗತಿ. ಅಷ್ಟು ಜನರ ನಡುವೆ ಕೂತು, ತಮ್ಮ ಕೈಯನ್ನು ಯಾರೂ ನೋಡುತ್ತಿಲ್ಲ ಎಂದು ಅವರಿಗೆ ಗೊತ್ತಾದದ್ದು ಆ ಗಳಿಗೆಯಲ್ಲೇ.

ಅವರು ಮತ್ತೆ ತಾಳ ಹಿಡಿಯಲಿಲ್ಲ. ನರಸಿಂಹರಾಜಪುರದವರು ಫೋನ್ ಮಾಡಿ ಕರೆದಾಗ, ಗಂಟಲು ಸರಿಯಿಲ್ಲ ಎಂದರು. ಗಂಟಲು ಸರಿಯಾಗಿಯೇ ಇತ್ತು. ನನ್ನ ಸರ್ಕ್ಯೂಟು ಚಿಪ್ಪಾಗಿ ಬಂತು, ಚೆನ್ನಾಗಿ ಕೆಲಸ ಮಾಡುತ್ತಿದೆಯಂತೆ.

ಸಂಜೆ ಕಾಫಿ ಕೊಟ್ಟರೆ ಅವರ ಕೈಯಲ್ಲಿ ಲೋಟ ಬಟ್ಟಲಿಗೆ ತಾಗಿ ಕಿಣಿಕಿಣಿ ಎನ್ನುತ್ತದೆ. ಒಮ್ಮೊಮ್ಮೆ ಆ ಸದ್ದು ಇದ್ದಕ್ಕಿದ್ದಂತೆ, ಅವರೇ ತಡೆದ ಹಾಗೆ, ನಿಲ್ಲುತ್ತದೆ. ಆಗ ನಾನು ಅಡುಗೆಮನೆಯಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟು, ಅದು ಮತ್ತೆ ಶುರುವಾಗುವವರೆಗೆ ಅಲ್ಲೇ ನಿಂತಿರುತ್ತೇನೆ.