ಬರಿ ತೊಟ್ಟಿಲು ತೂಗಿದ ಭೂತಮ್ಮ

ಹೆತ್ತೂರಿನಾಚೆ ನಟರಾಜನ ಕಾಫಿ ತೋಟದಲ್ಲಿ ಭೂತಮ್ಮನೆಂದರೆ ಲೆಕ್ಕ ಬರೆಯುವ ರೈಟರ್ ಸುಬ್ಬಯ್ಯನಿಗೂ ಒಳಗೊಳಗೇ ಅಳುಕು. ಕಾರ್ಮಿಕರ ಸಂಘಕ್ಕೆ ಆ ತೋಟದ ಮುಖಂಡೆ ಅವಳೇ. ಗಂಡ ದ್ಯಾವಯ್ಯ ಬದುಕಿದ್ದಾಗಲೇ ಕೂಲಿಯವರ ಲೈನ್ ಮನೆಗಳಿಗೆ ನಲ್ಲಿ ಬೇಕೆಂದು ಸಾಹುಕಾರ ನಟರಾಜನ ಜೀಪಿಗೆ ಅಡ್ಡ ನಿಂತವಳು. ಆದರೆ ನಾನು ಹೇಳಹೊರಟಿದ್ದು ನಲ್ಲಿಯ ಕಥೆಯಲ್ಲ, ಅವಳ ಹೊಟ್ಟೆಯೊಳಗೆ ಆರದೆ ಉರಿಯುತ್ತಿದ್ದ ಸೇಡಿನ ಕಥೆ.

ತೋಟದ ಗೇಟಿನ ಪಕ್ಕ ಹೆಂಚು ಹೊದಿಸಿದ ಉದ್ದನೆಯ ಕಟ್ಟಡವೊಂದಿದೆ. ನಟರಾಜನ ಅಪ್ಪನ ಕಾಲದಲ್ಲಿ ಅದು ಮಕ್ಕಳ ಮನೆ. ಹಣ್ಣು ಕುಯ್ಯಲು ಹೋಗುವ ತಾಯಂದಿರು ಎಳೆಗೂಸುಗಳನ್ನು ಅಲ್ಲಿ ಆಯಾಳ ಕೈಗೆ ಬಿಟ್ಟು ಹೋಗುತ್ತಿದ್ದರು. ತೊಲೆಗೆ ಹೊಡೆದ ಕಬ್ಬಿಣದ ಕೊಕ್ಕೆಗಳಲ್ಲಿ ಸೀರೆಯ ಜೋಲಿಗಳು ಸಾಲಾಗಿ ತೂಗಾಡುತ್ತಿದ್ದವು. ಸಕಲೇಶಪುರದ ಸುತ್ತ ಹೋಂಸ್ಟೇ ಹುಚ್ಚು ಹತ್ತಿದಾಗ ನಟರಾಜ ಮಕ್ಕಳನ್ನು ಹೊರಹಾಕಿದ, ನೆಲಕ್ಕೆ ಟೈಲ್ಸ್ ಹಾಕಿಸಿದ, ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟ. ಕೊಕ್ಕೆಗಳನ್ನು ಮಾತ್ರ ಕೀಳಿಸಲಿಲ್ಲ. ಹಳೇ ಕಾಲದ ಚಂದವೆಂದು ಅವಕ್ಕೆ ಹೂಕುಂಡ ನೇತುಹಾಕಿಸಿದ.

ಕೂಸುಗಳು ತಾಯಂದಿರ ಹಿಂದೆ ತೋಟ ಸೇರಿದವು. ಭೂತಮ್ಮನ ಮಗಳು ನಯನಾ ನೆರಳು ಮರದ ಕೊಂಬೆಗೆ ಜೋಲಿ ಕಟ್ಟಿ, ತನ್ನ ಕೂಸು ರಶ್ಮಿತಾಳನ್ನು ಮಲಗಿಸಿ ಹಣ್ಣು ಕುಯ್ಯುತ್ತಿದ್ದಳು. ಆ ವರ್ಷ ಕೊಂಬೆ ಕಡಿಸುವ ಮರಗಸಿ ಕೆಲಸವನ್ನು ನಟರಾಜ ದಂಡದ ಖರ್ಚೆಂದು ಮುಂದೂಡಿದ್ದ. ಗಾಳಿಗೆ ಒಣಕೊಂಬೆಯೊಂದು ಮುರಿದು ಜೋಲಿಯ ಮೇಲೆಯೇ ಬಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಕೂಸು ಹೋಗಿಬಿಟ್ಟಿತು. ಮಣ್ಣು ಮಾಡುವಲ್ಲಿಗೆ ಬಂದ ನಟರಾಜ, ಮಕ್ಕಳನ್ನು ತೋಟಕ್ಕೆ ತರಬೇಡಿ ಎಂದರೆ ಕೇಳುವುದಿಲ್ಲವಲ್ಲ ಎಂದು ನಯನಾಳನ್ನೇ ಗದರಿದ. ಭೂತಮ್ಮ, ಇವನನ್ನು ಸುಮ್ಮನೆ ಬಿಡುವುದಿಲ್ಲ ಎಂದುಕೊಂಡು ಕೂಸಿನ ಜೋಲಿ ಸೀರೆಯನ್ನು ಒಗೆಯದೆ ಮಡಚಿಟ್ಟಳು.

ಸಂಘ ಕೊಟ್ಟ ದೂರು ಕಚೇರಿಯಿಂದ ಕಚೇರಿಗೆ ಅಲೆದು ಸುಸ್ತಾಯಿತು. ಕೊನೆಗೆ ದಾರಿ ಕಂಡದ್ದು ಯುರೋಪಿನ ಕಡೆಯಿಂದ. ಸಕಲೇಶಪುರದ ಸಂಘದ ಕಾರ್ಯದರ್ಶಿ ವಸಂತ ಅವಳಿಗೆ ಬಿಡಿಸಿ ಹೇಳಿದ. ಕಾಫಿ ಕೊಳ್ಳುವ ಅಲ್ಲಿನ ದೊಡ್ಡ ಕಂಪನಿಗಳು, ಅದನ್ನು ಬೆಳೆಯುವ ಕಡೆ ಕೂಲಿಯವರಿಗೆ ಅನ್ಯಾಯವಾಗಿದೆಯೇ ಎಂದು ವಿಚಾರಿಸಬೇಕೆಂದು ಅಲ್ಲಿ ಕಾನೂನು ಬಂದಿದೆ. ಕಂಪನಿಗಳು ಗೋಳಾಡಿ ಅದನ್ನು ಸಡಿಲ ಮಾಡಿಸುತ್ತಿವೆ, ಸಡಿಲ ಮಾಡಕೂಡದೆಂದು ಅಲ್ಲಿನ ಕಾರ್ಮಿಕ ಸಂಘಗಳು ಪಟ್ಟು ಹಿಡಿದಿವೆ. ನಟರಾಜನ ಕಾಫಿ ಕೊಳ್ಳುವ ಕಂಪನಿಯ ಅಧಿಕಾರಿಯ ಜೊತೆ, ಅದರ ಕಾರ್ಖಾನೆಯಲ್ಲಿ ಬೀಜ ಹುರಿಯುವವರ ಸಂಘದ ಹೆಂಗಸೊಬ್ಬಳೂ ತೋಟ ನೋಡಲು ಬರುತ್ತಿದ್ದಾಳೆ.

ಅವರು ಕಾಫಿ ಕೊಳ್ಳುವುದನ್ನು ನಿಲ್ಲಿಸುತ್ತಾರಾ ಎಂದಷ್ಟೇ ಭೂತಮ್ಮ ಕೇಳಿದಳು. ನಿಲ್ಲಿಸಿದರೂ ನಿಲ್ಲಿಸಬಹುದು ಎಂದ ವಸಂತ. ಕೂಸು ಸತ್ತ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಅಂದೇ.

ನಟರಾಜ ಲೈನ್ ಮನೆಗಳಿಗೆ ಸುಣ್ಣ ಬಳಿಸಿದ, ಮುರಿದ ಬಾಗಿಲು ರಿಪೇರಿ ಮಾಡಿಸಿದ. ಇಷ್ಟೆಲ್ಲ ಜಾಣತನ ಮಾಡಿದವನು ಅತಿಥಿಗಳನ್ನು ಇಳಿಸಿದ್ದು ಮಾತ್ರ ಆ ಹೆಂಚಿನ ಕಟ್ಟಡದಲ್ಲೇ. ಸಂಘದವರ ಜೊತೆ ಮಾತುಕತೆಯೂ ಅಲ್ಲೇ ಎಂದಾಯಿತು. ಭೂತಮ್ಮ ಕಂಕುಳಲ್ಲಿ ಆ ಸೀರೆ ಇಟ್ಟುಕೊಂಡು ವಸಂತನ ಜೊತೆ ಒಳಗೆ ಬಂದಳು. ನಟರಾಜನ ಸೊಸೆ ಗಗನಾ, ಚೊಚ್ಚಲ ಬಸುರಿ, ಎಲ್ಲರಿಗೂ ಕಾಫಿ ಕೊಡುತ್ತಿದ್ದಳು.

ಭೂತಮ್ಮ ಕೂರಲಿಲ್ಲ. ಕಿಟಕಿಯ ಪಕ್ಕದ ಕೊಕ್ಕೆಯಿಂದ ಹೂಕುಂಡ ಇಳಿಸಿ ನೆಲದ ಮೇಲಿಟ್ಟಳು, ಸೀರೆಯನ್ನು ಜೋಲಿಯಾಗಿ ಕಟ್ಟಿದಳು, ತೂಗತೊಡಗಿದಳು.

ಗಗನಾ ತಟ್ಟೆಯನ್ನು ಪಕ್ಕಕ್ಕಿಟ್ಟು ಹೊಟ್ಟೆಗೆ ಸೆರಗು ಮುಚ್ಚಿಕೊಂಡಳು. ಬರಿ ತೊಟ್ಟಿಲು ತೂಗಿದರೆ ಆ ಮನೆಯ ಕೂಸಿಗೆ ಕೇಡು ಎಂಬ ಭಯ ಲೈನ್ ಮನೆಯಲ್ಲಿ ಎಷ್ಟಿದೆಯೋ ಸಾಹುಕಾರನ ಮನೆಯಲ್ಲೂ ಅಷ್ಟೇ ಇದೆ. ಆ ಹುಡುಗಿ ತನಗೇನೂ ಮಾಡಿಲ್ಲ ಎಂದು ಭೂತಮ್ಮನಿಗೆ ಗೊತ್ತಿತ್ತು. ನಯನಾ ಯಾರಿಗೇನು ಮಾಡಿದ್ದಳು ಎಂದುಕೊಂಡು ಇನ್ನಷ್ಟು ಜೋರಾಗಿ ತೂಗಿದಳು.

ಯುರೋಪಿನ ಕಾನೂನಿಗೆ ಜಗ್ಗದ ನಟರಾಜನ ಮುಖ ಬಿಳಿಚಿಕೊಂಡಿತು. "ತೂಗ್ಬೇಡ ಭೂತಮ್ಮ, ಕೈ ಮುಗೀತೀನಿ" ಎಂದ.

"ಈ ಕೊಕ್ಕೆ ಇರಾದು ತೊಟ್ಲಿಗೆ ಸಾವ್ಕಾರ್ರೇ, ಹೂಕುಂಡಕ್ಕಲ್ಲ. ನೀವು ಬರಿದು ಮಾಡಿದ್ದನ್ನ ನಾನು ತೂಗ್ತಾ ಇವ್ನಿ ಅಷ್ಟೇಯ."

ಏನಾಗುತ್ತಿದೆಯೆಂದು ತಿಳಿಯದೆ ಕುಳಿತಿದ್ದ ಪರದೇಶದವರಿಗೆ ವಸಂತ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಅಧಿಕಾರಿ ತಕ್ಷಣ, ಈ ತೋಟದ ಕಾಫಿ ಇನ್ನು ಬೇಡವೆಂದ. ವಸಂತ ಅದನ್ನು ಕನ್ನಡದಲ್ಲಿ ಹೇಳಿದಾಗ ಭೂತಮ್ಮನ ಎದೆ ತಣ್ಣಗಾಯಿತು. ಆದರೆ ಬೀಜ ಹುರಿಯುವ ಹೆಂಗಸು ಒಪ್ಪಲಿಲ್ಲ. ಕಂಪನಿ ಕೈ ತೊಳೆದುಕೊಂಡು ಹೋಗಲು ತಮ್ಮ ಸಂಘ ಬಿಡುವುದಿಲ್ಲ, ಇಷ್ಟು ವರ್ಷ ಕಣ್ಣು ಮುಚ್ಚಿ ಕೊಂಡವರು ಇಲ್ಲೇ ನಿಂತು ಸರಿ ಮಾಡಿಸಬೇಕು ಎಂದಳು. ಇವಳೂ ಸಾಹುಕಾರನ ಕಡೆಯವಳೇ ಎಂದು ಭೂತಮ್ಮನಿಗೆ ಮೈ ಉರಿದುಹೋಯಿತು.

ವಸಂತ ಅವಳ ಕಿವಿಯಲ್ಲಿ ಹೇಳಿದ, "ಕೊಳ್ಳಾದು ನಿಲ್ಸುದ್ರೆ ಇವ್ನು ತೋಟನ ರೆಸಾರ್ಟಿನೋರಿಗೆ ಮಾರ್ಬುಟ್ಟು ಹಾಸನದಲ್ಲಿ ಮನೆ ಮಾಡ್ಕೊಂಡು ಹಾಯಾಗಿರ್ತಾನೆ ಕಣಕ್ಕ. ಬೀದಿಗೆ ಬೀಳೋದು ಲೈನ್ ಮನೆಯೋರು."

ಭೂತಮ್ಮ ಯೋಚಿಸಿದಳು. ಓಡಿಹೋಗಲು ಬಿಟ್ಟರೆ ಅದೆಂಥ ಸೇಡು? ಇವನು ಇಲ್ಲೇ ಇರಬೇಕು, ದಿನಾ ತನ್ನ ಕಣ್ಣೆದುರು ಓಡಾಡಬೇಕು. ಜೋಲಿಯನ್ನು ಹಿಡಿದು ನಿಲ್ಲಿಸಿದಳು. ಮಕ್ಕಳ ಮನೆ ಇದೇ ಕಟ್ಟಡದಲ್ಲಿ ಮತ್ತೆ ತೆರೆಯಬೇಕು, ಆಯಾ ತಾನೇ ಆಗಬೇಕು, ಮರಗಸಿ ವರ್ಷವೂ ತಪ್ಪಬಾರದು ಎಂದಳು. ಇಷ್ಟು ಮಾಡಿದರೆ ಮಾತ್ರ ಕೊಳ್ಳುತ್ತೇವೆಂದು ಅಧಿಕಾರಿಯಿಂದ ಹೇಳಿಸಿದವಳು ಆ ಹೆಂಗಸೇ. ನಟರಾಜ ಎಲ್ಲದಕ್ಕೂ ತಲೆಯಾಡಿಸಿದ.

ಈಗ ಆ ಕಟ್ಟಡದಲ್ಲಿ ಮತ್ತೆ ಕೂಸುಗಳ ಅಳು ಕೇಳಿಸುತ್ತದೆ. ಗಗನಾಳಿಗೆ ಸುಖವಾಗಿ ಹೆರಿಗೆಯಾಗಿ ಗಂಡು ಮಗು ಗುಂಡುಗುಂಡಗಿದೆ. ನಟರಾಜನಿಗೆ ಮಾತ್ರ ನೆಮ್ಮದಿಯಿಲ್ಲ. ಕಿಟಕಿಯ ಪಕ್ಕದ ಕೊಕ್ಕೆಯಲ್ಲಿ ರಶ್ಮಿತಾಳ ಜೋಲಿ ಇನ್ನೂ ಬರಿದಾಗಿಯೇ ಇದೆ, ಅದನ್ನು ಬಿಚ್ಚು ಎನ್ನುವ ಧೈರ್ಯ ಅವನಿಗಿಲ್ಲ. ದಿನಾ ಬೆಳಗ್ಗೆ ಗೇಟಿನ ಹತ್ತಿರ ಜೀಪು ನಿಧಾನ ಮಾಡಿ, ಅದು ಅಲುಗಾಡುತ್ತಿದೆಯೇ ಎಂದು ಇಣುಕಿ ನೋಡುತ್ತಾನೆ. ಭೂತಮ್ಮ ಅದನ್ನು ಕೈಯಿಂದ ಮುಟ್ಟುವುದೂ ಇಲ್ಲ. ಜೀಪಿನ ಸದ್ದು ಕೇಳಿದೊಡನೆ ಎದ್ದು ಹೋಗಿ, ಗಾಳಿ ಬರಲೆಂದು ಕಿಟಕಿ ತೆರೆಯುತ್ತಾಳೆ.