ಮಡಿಯಲ್ಲಿಟ್ಟ ಸರ್ವರ್

ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ದೇವರ ಪಟವನ್ನಲ್ಲ, ಒಂದು ಹಸಿರು ಚುಕ್ಕೆಯನ್ನು. ಇದನ್ನು ನಮ್ಮ ಪುರೋಹಿತರಾದ ಆಚಾರ್ಯರಿಗೆ ಯಾರೂ ಹೇಳಬಾರದು. ಚುಕ್ಕೆ ಇರುವುದು ನನ್ನ ಹಳೆಯ ಪಿಸಿಯಲ್ಲಿ, ಕಂಟ್ರೋಲ್ ಪ್ಯಾನೆಲ್ ಎಂಬ ಪುಟದ ಮೂಲೆಯಲ್ಲಿ. ಅದು ಹಸಿರಾಗಿದ್ದರೆ, ಎಲ್ಲೋ ಸಮುದ್ರದಾಚೆ ನಾನು ಬಾಡಿಗೆಗೆ ಹಿಡಿದ ಸರ್ವರ್ ಬದುಕಿದೆ ಎಂದರ್ಥ. ಪಕ್ಕದಲ್ಲಿ ಸ್ಟಾರ್ಟ್, ಸ್ಟಾಪ್, ರೀಸ್ಟಾರ್ಟ್, ರೀಇನ್‌ಸ್ಟಾಲ್, ಕನ್ಸೋಲ್ ಎಂಬ ಗುಂಡಿಗಳಿವೆ. ಸ್ಟಾಪ್ ಗುಂಡಿಯ ಹತ್ತಿರ ಮೌಸ್ ಸುಳಿದರೂ ಮೌಸನ್ನೇ ಎತ್ತಿ ಪಕ್ಕಕ್ಕಿಡುತ್ತೇನೆ. ಈ ಯಂತ್ರವನ್ನು ನಾನು ನಡೆಸುತ್ತಿದ್ದೇನೆ ಎಂದು ಊರವರು ತಿಳಿದಿದ್ದಾರೆ.

ನಾನು ಆದೋನಿಯ ಹತ್ತಿ ಮಿಲ್ಲೊಂದರ ಆಫೀಸಿನಲ್ಲಿ ಗುಮಾಸ್ತ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಎಳೆದು ತೆಗೆದೆ. ಅಂದಿನಿಂದ ನಮ್ಮವರಲ್ಲಿ ಕಂಪ್ಯೂಟರ್ ಬಲ್ಲವನು ಎನಿಸಿಕೊಂಡೆ. ಆ ಹೆಸರು ತಲೆಗೇರಿರಬೇಕು. ಆಚಾರ್ಯರ ಮೂರು ನೋಟುಬುಕ್ಕುಗಳಲ್ಲಿ ಸುತ್ತಮುತ್ತಲ ಊರಿನ ನಮ್ಮವರ ಮನೆಗಳ ಶ್ರಾದ್ಧದ ತಿಥಿಗಳೆಲ್ಲ ಇದ್ದವು. ಹಾಳೆಗಳನ್ನು ಹುಳ ತಿನ್ನುತ್ತಿದ್ದದ್ದು ಕಂಡು, “ಇವನ್ನೆಲ್ಲ ಸರ್ವರಿಗೆ ಹಾಕಿಬಿಡ್ತೀನ್ರಿ, ನೀವು ಫೋನಿನಾಗ ನೋಡಬಹುದು” ಅಂದೆ. ಒಂದು ಚಳಿಗಾಲವೆಲ್ಲ ಕೂತು ಟೈಪು ಮಾಡಿದೆ. ಆಚಾರ್ಯರು ಫೋನಿನಲ್ಲಿ ನೋಡಿ ಹಿಗ್ಗಿದರು. ಒಂದು ವಾರ ಬಿಟ್ಟು ಅವರ ಮನೆಗೆ ಹೋದಾಗ ನೋಟುಬುಕ್ಕುಗಳ ಗೂಡು ಖಾಲಿಯಿತ್ತು.

“ಪುಸ್ತಕ ಎಲ್ರೀ?”

“ಹೊಳಿಗೆ ಬಿಟ್ಟೆನಪ್ಪಾ. ತುಂಗಭದ್ರಿಗೆ ಸ್ನಾನಕ್ಕ ಹೋಗಿದ್ದೆನಲ್ಲ, ಅರಿಶಿಣ ಕುಂಕುಮ ಏರಿಸಿ, ನಮಸ್ಕಾರ ಮಾಡಿ ಬಿಟ್ಟುಬಂದೆ. ಜೀರ್ಣ ಆಗಿದ್ವು. ಎಲ್ಲಾ ನಿನ್ನ ಪೆಟ್ಟಿಗ್ಯಾಗ ಸೇರ್ಯಾವಲ್ಲ?”

ಜೀರ್ಣವಾದ ಪೂಜ್ಯ ಪುಸ್ತಕವನ್ನು ನೀರಿಗೆ ಬಿಡುವುದು ನಮ್ಮಲ್ಲಿ ಸರಿಯಾದ ಕ್ರಮವೇ. ತಪ್ಪು ಅವರದಲ್ಲ. ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಇಷ್ಟು ಮನೆಗಳ ಹಿರಿಯರೆಲ್ಲ ಈಗ ಒಂದು ಹಸಿರು ಚುಕ್ಕೆಯ ಹಿಂದೆ, ಆ ಚುಕ್ಕೆಯ ಪಾಸ್‌ವರ್ಡ್ ನನ್ನೊಬ್ಬನ ಹತ್ತಿರ. ಆಮೇಲೆ ನಾನು ಯಾವ ಮದುವೆಯಲ್ಲೂ ನೆಮ್ಮದಿಯಿಂದ ಊಟ ಮಾಡಿಲ್ಲ. ಬ್ಯಾಕಪ್ ತೆಗೆದಿದ್ದೆ, ನಿಜ. ಅದನ್ನೂ ಅದೇ ಸರ್ವರಿನಲ್ಲಿ ಇಟ್ಟಿದ್ದೆ.

ಇನ್ನು ನಾನು ಮಾಡಿದ ಘನಕಾರ್ಯ. ಒಂದು ರಜೆಯ ದಿನ ಸರ್ವರಿನ ದಾಖಲೆ ನೋಡುತ್ತಿದ್ದಾಗ, ಗುರುತಿಲ್ಲದ ಯಾರು ಯಾರೋ ನಿಮಿಷ ನಿಮಿಷಕ್ಕೂ ಅದರ ಬಾಗಿಲು ಬಡಿಯುತ್ತಿರುವುದು ಕಾಣಿಸಿತು. ಇದು ಎಲ್ಲ ಸರ್ವರಿಗೂ ಇದ್ದದ್ದೇ ಅಂತೆ. ನನಗೆ ಮಾತ್ರ ನಮ್ಮ ಅಜ್ಜಿ ನೆನಪಾದಳು. ಆಕೆ ಮಡಿಸೀರೆಯನ್ನು ಕೋಲಿನಿಂದ ಎತ್ತಿ, ಯಾರ ಕೈಗೂ ನಿಲುಕದ ಗಳದ ಮೇಲೆ ಒಣಗಹಾಕುತ್ತಿದ್ದಳು. ಸರಿ, ಸರ್ವರನ್ನೂ ಮಡಿಯಲ್ಲಿಡೋಣ ಎಂದುಕೊಂಡೆ. ನಮ್ಮ ಮನೆಯ ಇಂಟರ್ನೆಟ್ ನಂಬರಿನಿಂದ ಬಂದವರನ್ನು ಬಿಟ್ಟು ಮತ್ತಾರೂ ಮುಟ್ಟಕೂಡದು ಎಂದು ಒಳಗೆ ಒಂದು ಕಟ್ಟಳೆ ಬರೆದೆ. ಆಚಾರ್ಯರು ಬೇಕಾದರೆ ನನಗೆ ಫೋನು ಮಾಡಲಿ. ಅಂದು ಮಧ್ಯಾಹ್ನ ಒಂದು ಗಂಟೆ ಕಾಲ ನಾನು ಬಹಳ ಸುಖವಾಗಿದ್ದೆ.

ಆಮೇಲೆ ಕರೆಂಟು ಹೋಗಿ ಬಂತು. ಕರೆಂಟು ಹೋಗಿಬಂದರೆ ಮನೆಯ ಇಂಟರ್ನೆಟ್ಟಿಗೆ ಬೇರೆ ನಂಬರು ಬರುತ್ತದೆಂದು ನನಗೆ ತಿಳಿದದ್ದು ಆಗಲೇ. ನಾನೇ ಕಟ್ಟಿದ ಮಡಿಗೆ ನಾನೇ ಮೈಲಿಗೆಯಾಗಿದ್ದೆ.

ಅದೇ ಹೊತ್ತಿಗೆ ಪೆದ್ದಕಡುಬೂರಿನಿಂದ ಸೋದರತ್ತೆಯ ಫೋನು. ಆಕೆಗೆ ಎಂಬತ್ತರ ಮೇಲಾಗಿದೆ, ಮಕ್ಕಳಿಲ್ಲ. ಗಂಡನ ಶ್ರಾದ್ಧವನ್ನು ಮೈದುನನ ಮಗ ನಂದವರಂನಿಂದ ಬಂದು ಮಾಡಿಹೋಗುತ್ತಾನೆ.

“ತಮ್ಮಾ, ನಿಮ್ಮ ಮಾಮನ ತಿಥಿ ನಾಳೆನೋ ನಾಡದೋ? ಆಚಾರ್ರು ನಿನ್ನ ಕೇಳು ಅಂದ್ರು. ನಾಳೆ ಆದ್ರ ಆ ಹುಡುಗ ಈವೊತ್ತು ರಾತ್ರಿ ಉಣಬಾರದಲ್ಲ. ಅಡಿಗಿಯವ್ರಿಗೂ ಹೇಳಬೇಕು.”

“ಹೋದ ವರ್ಷ ಯಾವಾಗ ಮಾಡಿದ್ರಿ ಅತ್ತಿ?”

“ಹತ್ತಿ ಬಿಡಸಾಕ ಹತ್ತಿದ್ರು ನೋಡು, ಆಗ. ನನ್ನ ತಲ್ಯಾಗ ಎಲ್ಲಿ ನಿಲ್ತೈತೋ. ಒಂದು ದಿನ ತಪ್ಪಿದ್ರ ಅವ್ರು ಬಂದು ಬಾಗಿಲಾಗ ನಿಂತು ಹಂಗ ಹೋಗ್ತಾರ. ಸಂಜಿ ಒಳಗ ಹೇಳಪ್ಪಾ.”

ಬಾಗಿಲವರೆಗೆ ಬಂದು ಹಾಗೇ ಹೋಗುವುದು ಎಂದರೇನೆಂದು ಆ ಹೊತ್ತು ನನಗೆ ಚೆನ್ನಾಗಿ ಗೊತ್ತಿತ್ತು.

ಬಾಡಿಗೆ ಕೊಟ್ಟ ಕಂಪನಿಗೆ ಬರೆದೆ. ಮರುನಿಮಿಷವೇ ಉತ್ತರ ಬಂತು, ಮನುಷ್ಯರು ಬರೆದದ್ದಲ್ಲ: ಒಳಗೆ ಹೋಗಲಾಗದಿದ್ದರೆ ಪ್ಯಾನೆಲ್‌ನಲ್ಲಿ ರೀಇನ್‌ಸ್ಟಾಲ್ ಒತ್ತಿರಿ. ಅಷ್ಟರಲ್ಲಿ ಆಚಾರ್ಯರೇ ಮನೆಗೆ ಬಂದರು. ಸಂಜೆ ಯಾರದೋ ಮನೆಯ ಪೂಜೆಗೆ ಮಡಿಯುಟ್ಟು ಹೊರಟಿದ್ದರು. ಮಣೆಯ ಮೇಲೆ ದೂರ ಕೂತು ಪರದೆಯನ್ನು ದಿಟ್ಟಿಸಿದರು.

“ಅವ್ರು ಒತ್ತು ಅಂದಾರಲ್ಲ. ಒತ್ತು ಮತ್ತ.”

“ಒತ್ತಿದ್ರ ಎಲ್ಲಾ ಅಳಿಸಿ ಹೋಗ್ತೈತ್ರಿ. ತಿಥಿ ಎಲ್ಲಾ ಹೋಗ್ತಾವ.”

ಆಚಾರ್ಯರು ಮಣೆಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿಕೊಂಡರು. “ಹಂಗಾದ್ರ ನೀನೂ ಹೊಳಿಗೆ ಬಿಟ್ಟಂಗ ಆತು” ಎಂದರು ಮೆಲ್ಲಗೆ.

ಒಳಗಿನಿಂದ ಹೆಂಡತಿ ಬಂದು ನನ್ನ ಹಿಂದೆ ನಿಂತಳು. “ರೀ, ಬೆವರು ಕೀಬೋರ್ಡಿನ ಮ್ಯಾಲ ಬೀಳಾಕ ಹತ್ತೈತಿ, ಒರಿಸ್ಕೊರ್ರಿ. ಅದೇನದು, ಕನ್ಸೋಲ್ ಅಂತ ಐತಲ್ಲ, ಅದನ್ನ ಎಂದಾರ ಒತ್ತೀರೇನು?”

“ಅದು ನಮ್ಮಂಥೋರಿಗಲ್ಲ.”

“ಊರಕೆ ಸುಮ್ಮನ ಕೂತು ಹೆದರೋ ಬದ್ಲು ಒತ್ತಿ ನೋಡ್ರಿ. ಅದೇನು ಅಳಿಸ್ತೀನಿ ಅಂತ ಬರದಿಲ್ಲಲ್ಲ.”

ಒತ್ತಿದೆ. ಕಪ್ಪು ಕಿಟಕಿಯೊಂದು ತೆರೆಯಿತು. ಸರ್ವರಿನ ಎದುರಿಗೇ ಕುರ್ಚಿ ಹಾಕಿಕೊಂಡು, ಅದರದೇ ಕೀಬೋರ್ಡು ಮುಟ್ಟಿದಂತೆ. ಇಲ್ಲಿ ಮನೆಯ ನಂಬರು ಕೇಳುವವರಿಲ್ಲ. ಮೂರು ವರ್ಷದಿಂದ ಆ ಗುಂಡಿ ಅಲ್ಲಿಯೇ ಇತ್ತು. ನಾನು ದಿನಾ ಅದರ ಪಕ್ಕದ ಚುಕ್ಕೆಗೆ ಕೈಮುಗಿಯುತ್ತಿದ್ದೆ. ಪಾಸ್‌ವರ್ಡನ್ನು ಎರಡು ಸಲ ತಪ್ಪು ಹೊಡೆದು, ಮೂರನೆಯ ಸಲಕ್ಕೆ ಒಳಗೆ ಹೋದೆ. ನನ್ನ ಕಟ್ಟಳೆಯನ್ನು ಅಳಿಸಿದೆ. ಪುಟ ತೆರೆಯಿತು. ಮಾಮನ ತಿಥಿ ನಾಳೆಯೇ.

ಅತ್ತೆಗೆ ಫೋನು ಹೋಗುವಾಗ ಬಿಸಿಲಿನ್ನೂ ಅಂಗಳದಲ್ಲಿತ್ತು. “ಬದುಕಿದೆ ಬಿಡಪ್ಪಾ” ಅಂದಳು ಆಕೆ. ಆ ಮಾತು ನಾನು ಆಡಬೇಕಿತ್ತು.

ಈ ಭಾರ ಇಳಿಸಲೇಬೇಕೆಂದು ಅಂದೇ ನಿಶ್ಚಯಿಸಿ, “ಆಚಾರ್ರೇ, ಒಂದು ಸಲ ನೀವೂ ಇದನ್ನ ಕಲ್ತುಬಿಡ್ರಿ. ಬರ್ರಿ, ಮೌಸ್ ಹಿಡೀರಿ” ಅಂದೆ.

ಅವರು ಎರಡೂ ಕೈ ಹಿಂದಕ್ಕೆಳೆದುಕೊಂಡರು. “ಮಡ್ಯಾಗ ಅದೀನಪ್ಪಾ, ಅದನ್ನ ಹೆಂಗ ಮುಟ್ಲಿ? ನೀನಾ ಒತ್ತು, ನಾ ನೋಡ್ತೀನಿ.”

ಮುಂದಿನ ವಾರಗಳಲ್ಲಿ ಆಫೀಸಿನಿಂದ ಬಂದು ಅಷ್ಟೂ ತಿಥಿಗಳನ್ನು ಒಂದು ದಪ್ಪ ರಟ್ಟಿನ ಪುಸ್ತಕಕ್ಕೆ ಕೈಯಿಂದ ಬರೆದೆ. ಮೊದಲ ಹಾಳೆಯಲ್ಲಿ ಪ್ಯಾನೆಲ್‌ನ ಪಾಸ್‌ವರ್ಡು, ಕನ್ಸೋಲಿನ ಪಾಸ್‌ವರ್ಡು, ಯಾವ ಗುಂಡಿ ಒತ್ತಬೇಕು, ಯಾವುದನ್ನು ಸತ್ತರೂ ಒತ್ತಬಾರದು, ಎಲ್ಲ ಕನ್ನಡದಲ್ಲಿ ಬರೆದೆ. ನಾಳೆ ನನಗೇನಾದರೂ ಆದರೆ ನನ್ನ ತಿಥಿಯನ್ನು ಸೇರಿಸುವುದಕ್ಕಾದರೂ ಒಬ್ಬರು ಒಳಗೆ ಹೋಗಬೇಕಲ್ಲ.

ಆಚಾರ್ಯರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ನಾಲ್ಕು ಹಾಳೆ ತಿರುವಿದರು. ಮತ್ತೆ ನನ್ನ ಕೈಗೇ ಇಟ್ಟರು.

“ಅಕ್ಷರ ಭಾಳ ಸಣ್ಣು. ನನಗ ಫೋನಿನಾಗ ದೊಡ್ಡವು ಕಾಣ್ತಾವ, ಅದಾ ಚಲೋ. ಇದು ನಿನ್ನ ಹತ್ರಾನ ಇರ್ಲಿ. ಜೀರ್ಣ ಆದಾಗ ಹೇಳು, ನಾನಾ ಹೊಳಿಗೆ ಬಿಟ್ಟು ಬರ್ತೀನಿ.”

ಪುಸ್ತಕ ಈಗ ಪಿಸಿಯ ಪಕ್ಕದಲ್ಲೇ ಇದೆ. ಬೆಳಿಗ್ಗೆ ಎದ್ದು ಚುಕ್ಕೆ ನೋಡುತ್ತೇನೆ. ಆಮೇಲೆ ಹುಳ ಬಿದ್ದಿದೆಯೇ ಎಂದು ಪುಸ್ತಕ ನೋಡುತ್ತೇನೆ.